ಒಂದೇ ಪಕ್ಷ, ಎರಡು ಬೋರ್ಡು

ತಂಗೀ, ನಿನ್ನ ಪತ್ರ ಓದಿದೆ. ನೀನು ಕೇಳಿದ್ದು ಮೂರು ವಿಷಯ. ಅಮೆರಿಕದ ಅಯೋವಾ ರಾಜ್ಯದ ವೆಸ್ಟ್ ಡೆ ಮೊಯ್ನ್‌ನ ನಿನ್ನ ಬೀದಿಯಲ್ಲಿ ಅಕ್ಕಪಕ್ಕದ ಎರಡು ಮನೆಗಳ ಮುಂದೆ ಒಂದೇ ಪಕ್ಷದ ಇಬ್ಬರು ಬೇರೆ ಬೇರೆ ಅಭ್ಯರ್ಥಿಗಳ ಬೋರ್ಡು ನಿಂತಿವೆ. ಆದರೂ ಆ ಎರಡು ಮನೆಯವರು ಸಂಜೆ ಒಟ್ಟಿಗೇ ನಾಯಿ ಹಿಡಿದುಕೊಂಡು ವಾಕ್ ಹೋಗುತ್ತಾರೆ. ಇದು ನಿಜವಾ, ನಾಟಕವಾ? ಇದು ಒಂದು. ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ ‘ನಿನಗೆ ಯಾರು ಇಷ್ಟ’ ಅಂತ ಕೇಳಿದರೆ ಏನು ಹೇಳಬೇಕು ಅನ್ನುವುದು ಎರಡು. ಎಚ್-1ಬಿ ಕೆಲಸದ ವೀಸಾ ಮೇಲೆ ಬಂದ ನಾವು ಇದರಲ್ಲೆಲ್ಲ ತಲೆ ಹಾಕಬಹುದಾ ಅನ್ನುವುದು ಮೂರು.

ಮೂರನೆಯದಕ್ಕೇ ಮೊದಲು ಉತ್ತರ. ಯಾಕೆಂದರೆ ಅಲ್ಲಿ ಎಡವಿದರೆ ವೀಸಾಕ್ಕೇ ಕುತ್ತು. ಪೌರತ್ವ ಇಲ್ಲದವರು ಮತ ಹಾಕುವ ಹಾಗಿಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಹಾಗೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಕೌಂಟರಿನಲ್ಲಿ ‘ಮತದಾರರಾಗಿ ಹೆಸರು ಬರೆಸುತ್ತೀರಾ’ ಅಂತ ಕೇಳುತ್ತಾರೆ. ಅದು 1993ರ ಕಾನೂನಿನಿಂದ ಬಂದ ಪದ್ಧತಿ. ನಮ್ಮವರು ಯಾವ ಫಾರಂ ಮುಂದಿಟ್ಟರೂ ಪಟ್ಟಂತ ಸಹಿ ಹಾಕಿಬಿಡುತ್ತೇವೆ. ಅಲ್ಲಿ ಮಾತ್ರ ‘ಬೇಡ’ ಅನ್ನು. ದುಡ್ಡೂ ಕೊಡಬೇಡ. ಗ್ರೀನ್ ಕಾರ್ಡ್ ಬಂದ ಮೇಲೆ ದೇಣಿಗೆ ಕೊಡಬಹುದು, ಅದಕ್ಕೆ ಮುಂಚೆ ಇಲ್ಲ. ಅಭ್ಯರ್ಥಿಯ ಅಂಗಡಿಯಿಂದ ಒಂದು ಟೀ ಶರ್ಟ್ ಕೊಂಡರೂ ಅದು ದೇಣಿಗೆ ಲೆಕ್ಕಕ್ಕೇ ಸೇರುತ್ತದೆ. ಇಷ್ಟು ಬಿಟ್ಟರೆ ಸಭೆಗೆ ಹೋಗಬಹುದು, ಸಂಬಳ ಇಲ್ಲದೆ ಸ್ವಯಂಸೇವಕಿಯಾಗಿ ದುಡಿಯಬಹುದು, ಮನಸ್ಸಿಗೆ ಬಂದಿದ್ದನ್ನು ಮಾತಾಡಬಹುದು. ಹೆದರಿ ಮನೆಯಲ್ಲಿ ಕೂತುಕೊಳ್ಳುವುದೇನೂ ಬೇಕಾಗಿಲ್ಲ.

ಈಗ ನಾಯಿ ವಾಕಿಂಗ್‌ನವರ ವಿಷಯ. ನಾಟಕ ಅಲ್ಲ. ಹಾಗಂತ ಇವರೆಲ್ಲ ತುಂಬಾ ದೊಡ್ಡ ಮನಸ್ಸಿನವರು, ನಾವು ಸಣ್ಣವರು ಅಂತಲೂ ಅಲ್ಲ. ಅವರ ಸೌಜನ್ಯದ ಹಿಂದೆ ಒಂದು ಲೆಕ್ಕ ಇದೆ.

ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ದೆಹಲಿಯಿಂದ ಪಟ್ಟಿ ಬರುತ್ತದೆ. ಬಿ ಫಾರಂ ಸಿಕ್ಕವನು ಅಭ್ಯರ್ಥಿ. ಸಿಗದವನ ಮನೆ ಮುಂದೆ ಬೆಂಬಲಿಗರು ಟೈರಿಗೆ ಬೆಂಕಿ ಹಚ್ಚುತ್ತಾರೆ. ಆಮೇಲೆ ಅವನು ಬಂಡಾಯ ಅಭ್ಯರ್ಥಿಯಾಗಿ ನಿಲ್ಲುತ್ತಾನೆ, ಇಲ್ಲ ಅಂದರೆ ಎದುರು ಪಕ್ಷಕ್ಕೆ ಹಾರುತ್ತಾನೆ. 2023ರಲ್ಲಿ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಟಿಕೆಟ್ ಸಿಗಲಿಲ್ಲ ಅಂತ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಹೋದರು, ಹುಬ್ಬಳ್ಳಿಯಲ್ಲಿ ಸೋತರು. ಮುಂದಿನ ಜನವರಿಯಲ್ಲಿ ವಾಪಸ್ ಬಂದರು, ಬೆಳಗಾವಿಯಿಂದ ಲೋಕಸಭೆಗೂ ಗೆದ್ದರು. ಲಕ್ಷ್ಮಣ ಸವದಿಯವರೂ ಅದೇ ಸಲ ಹಾಗೇ ಪಕ್ಷ ಬಿಟ್ಟು ಅಥಣಿಯಲ್ಲಿ ಗೆದ್ದರು. ಅಂದರೆ ನಮ್ಮಲ್ಲಿ ಮುನಿಸಿಕೊಂಡವನಿಗೆ ಬಾಗಿಲು ಯಾವಾಗಲೂ ತೆರೆದಿರುತ್ತದೆ.

ಇಲ್ಲಿ ಟಿಕೆಟ್ ಕೊಡುವುದು ನಿನ್ನ ಬೀದಿಯ ಜನ. ಪಕ್ಷದ ಅಭ್ಯರ್ಥಿ ಯಾರು ಅಂತ ಮತ ಹಾಕಿ ಆರಿಸುವ ಈ ಒಳ ಚುನಾವಣೆಗೇ ಪ್ರೈಮರಿ ಅನ್ನುವುದು. ಪ್ರೈಮರಿಯಲ್ಲಿ ಸೋತವನು ಅದೇ ವರ್ಷ ಪಕ್ಷೇತರನಾಗಿ ನಿಲ್ಲಲು ಬಹುತೇಕ ರಾಜ್ಯಗಳ ಕಾನೂನು ಬಿಡುವುದಿಲ್ಲ. ಬಿಟ್ಟ ಕಡೆ ಏನಾಗುತ್ತದೆ ಅನ್ನುವುದಕ್ಕೆ ಕನೆಕ್ಟಿಕಟ್ ಉದಾಹರಣೆ. 2006ರಲ್ಲಿ ಸೆನೆಟರ್ ಜೋ ಲೀಬರ್‌ಮನ್ ತಮ್ಮದೇ ಪಕ್ಷದ ಪ್ರೈಮರಿಯಲ್ಲಿ ನೆಡ್ ಲ್ಯಾಮಂಟ್ ಎದುರು ಸೋತರು. ಸ್ವತಂತ್ರವಾಗಿ ನಿಂತು ನವೆಂಬರಿನ ಮುಖ್ಯ ಚುನಾವಣೆಯಲ್ಲಿ ಅದೇ ಲ್ಯಾಮಂಟ್‌ರನ್ನು ಸೋಲಿಸಿದರು. ಅಪ್ಪಟ ನಮ್ಮೂರ ಬಂಡಾಯ! ಆದರೆ ಇಲ್ಲಿ ಅಂಥದ್ದು ಅಪರೂಪ. ಸೋತವರ ಬೆಂಬಲಿಗರಿಗೆ ಉಳಿಯುವುದು ಎರಡೇ ದಾರಿ. ಗೆದ್ದವನ ಜೊತೆ ಸೇರುವುದು, ಇಲ್ಲವೇ ನವೆಂಬರಿನಲ್ಲಿ ಮನೆಯಲ್ಲೇ ಕೂರುವುದು. ಅವರು ಮನೆಯಲ್ಲಿ ಕೂತರೆ ಗೆದ್ದವನ ಕಥೆ ಮುಗಿಯಿತು. ಈ ಜೂನಿನಲ್ಲಿ ಯಾರನ್ನು ಹಂಗಿಸುತ್ತೀಯೋ ಅವರ ಮನೆ ಬಾಗಿಲನ್ನೇ ಅಕ್ಟೋಬರಿನಲ್ಲಿ ತಟ್ಟಬೇಕು, ಅಲ್ವಾ? ನಿನ್ನ ಎದುರು ಮನೆಯ ಇಬ್ಬರಿಗೂ ಇದು ಚೆನ್ನಾಗಿ ಗೊತ್ತು.

ಇದನ್ನು ಕಣ್ಣಾರೆ ನೋಡಿದ್ದು 2008ರ ಜನವರಿ 3ರ ರಾತ್ರಿ. ಆಗ ನಾನೂ ನಿನ್ನ ಹಾಗೆ ವೀಸಾ ಮೇಲೆ ಇದ್ದೆ. ಪಕ್ಕದ ಮನೆಯ ಗಂಡ ಹೆಂಡತಿ ಇಬ್ಬರೂ ನಿವೃತ್ತ ಮೇಷ್ಟರು. ಅವರು ಒಬಾಮಾ ಕಡೆ, ಆಕೆ ಹಿಲರಿ ಕ್ಲಿಂಟನ್ ಕಡೆ. ‘ಕಾಕಸ್ ನೋಡಿದ್ದೀಯಾ? ಬಾ, ಸುಮ್ನೆ ಕೂತು ನೋಡು’ ಅಂತ ಕಾರಿನಲ್ಲಿ ಕರೆದುಕೊಂಡು ಹೋದರು. ಮತ ಇಲ್ಲದವರು ಗೋಡೆ ಪಕ್ಕ ಕೂರಬಹುದು, ಯಾರೂ ಬೇಡ ಅನ್ನುವುದಿಲ್ಲ.

ಕಾಕಸ್ ಅಂದರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಗೆ ಊರೂರಲ್ಲಿ ನಡೆಯುವ ಸಭೆ. ಆಗಿನ ಡೆಮಾಕ್ರಟಿಕ್ ಪಕ್ಷದ ಕಾಕಸ್‌ನಲ್ಲಿ ಗುಟ್ಟಿನ ಮತ ಇರಲಿಲ್ಲ. ಸಂಜೆ ಏಳಕ್ಕೆ ಶಾಲೆಯ ಜಿಮ್‌ನಲ್ಲಿ ಎಲ್ಲ ಸೇರಬೇಕು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ಯಾರ ಕಡೆಯೋ ಆ ಮೂಲೆಗೆ ಹೋಗಿ ನಿಲ್ಲಬೇಕು. ನಿನ್ನ ದಂತವೈದ್ಯ, ನಿನ್ನ ಮಗುವಿನ ಟೀಚರ್, ನಿನ್ನ ಬಾಸ್, ಎಲ್ಲರಿಗೂ ನೀನು ಎಲ್ಲಿ ನಿಂತೆ ಅಂತ ಕಾಣುತ್ತದೆ. ತಲೆ ಎಣಿಸುತ್ತಾರೆ. ಬಂದವರಲ್ಲಿ ಶೇ. 15ರಷ್ಟು ಜನ ಇಲ್ಲದ ಗುಂಪು ಸಾಮಾನ್ಯವಾಗಿ ಉಳಿಯುವ ಹಾಗಿಲ್ಲ. ಆ ಗುಂಪಿನವರು ಬೇರೆ ಮೂಲೆಗೆ ಹೋಗಬಹುದು, ತಮ್ಮ ಕಡೆಗೆ ಜನ ಸೆಳೆದು ಗುಂಪು ಉಳಿಸಿಕೊಳ್ಳಬಹುದು, ಇಲ್ಲ ಅಂದರೆ ಮನೆಗೆ ಹೋಗಬಹುದು. ಆಗ ಶುರುವಾಗುತ್ತದೆ ನಿಜವಾದ ಆಟ. ಉಳಿದ ಗುಂಪಿನವರು ಬಂದು ಓಲೈಸಬೇಕು.

ನಮ್ಮ ಜಿಮ್‌ನಲ್ಲಿ ಜೋ ಬೈಡನ್ ಗುಂಪು ಶೇ. 15 ದಾಟಲಿಲ್ಲ. ಅದರಲ್ಲಿ ಒಬ್ಬ ವಯಸ್ಸಾದ ರೈತ ಇದ್ದ. ದಪ್ಪ ಕೋಟು, ಮಡಚುವ ಕುರ್ಚಿ, ಎದೆ ಮೇಲೆ ಬೈಡನ್ ಸ್ಟಿಕರ್. ಮುಖ ಗಂಟು ಹಾಕಿಕೊಂಡು ಕೂತಿದ್ದ. ಒಬಾಮಾ ಕಡೆಯಿಂದ ಕಾಲೇಜು ಹುಡುಗನೊಬ್ಬ ಬಂದ. ನಿಂತುಕೊಂಡು ಭಾಷಣ ಹೊಡೆಯಲಿಲ್ಲ. ಕುರ್ಚಿಯ ಪಕ್ಕ ಮಂಡಿಯೂರಿ ಕೂತು ‘ನಿಮಗೆ ಬೈಡನ್ ಯಾಕೆ ಇಷ್ಟ’ ಅಂತ ಕೇಳಿದ. ಮುದುಕ ಇರಾಕ್ ಯುದ್ಧದಿಂದ ಹಿಡಿದು ಎಲ್ಲ ಹೇಳಿದ. ಹುಡುಗ ನಡುವೆ ಬಾಯಿ ಹಾಕದೆ ಕೇಳಿದ. ‘ಒಳ್ಳೇ ಆಯ್ಕೆ. ಅವರು ಇಲ್ಲ ಅಂದ ಮೇಲೆ ನಮ್ಮವರನ್ನು ಒಂದು ಸಲ ಯೋಚಿಸುತ್ತೀರಾ?’ ಅಂದ. ಇನ್ನೊಬ್ಬ ಅಭ್ಯರ್ಥಿ ಜಾನ್ ಎಡ್ವರ್ಡ್ಸ್ ಕಡೆಯ ಹೆಂಗಸೂ ಬಂದಳು, ಕ್ಲಿಂಟನ್ ಕಡೆಯವರೂ ಬಂದರು. ಎಲ್ಲರದೂ ಅದೇ ವರಸೆ. ಮೊದಲು ಅವನ ಅಭ್ಯರ್ಥಿಯ ಬಗ್ಗೆ ಒಂದು ಒಳ್ಳೆ ಮಾತು, ಆಮೇಲೆ ತಮ್ಮ ಕೋರಿಕೆ.

ಕೊನೆಗೆ ಮುದುಕ ಎದ್ದು ಕ್ಲಿಂಟನ್ ಮೂಲೆಗೆ ಹೊರಟ. ಆ ಒಬಾಮಾ ಹುಡುಗ ಏನು ಮಾಡಿದ ಗೊತ್ತಾ? ಅವನ ಕುರ್ಚಿ ಮಡಚಿ, ಎತ್ತಿಕೊಂಡು ಹೋಗಿ ಎದುರಾಳಿಗಳ ಮೂಲೆಯಲ್ಲಿ ಬಿಡಿಸಿ ಹಾಕಿ ಬಂದ.

ಇನ್ನೊಂದು ಹೇಳುತ್ತೇನೆ. ಎರಡನೇ ಎಣಿಕೆಯಲ್ಲಿ ಕ್ಲಿಂಟನ್ ಗುಂಪಿನವರು ಒಬ್ಬೊಬ್ಬರಾಗಿ ಸಂಖ್ಯೆ ಕೂಗುತ್ತಿದ್ದರು. ಮುಗಿಯುವ ಹೊತ್ತಿಗೆ ಒಬಾಮಾ ಕಡೆಯ ಮುಖಂಡಿ ಕೈ ಎತ್ತಿದಳು. ತಕರಾರು ತೆಗೆಯುತ್ತಾಳೆ ಅಂತ ಎಲ್ಲ ಅಂದುಕೊಂಡರು. ಆಕೆ ಹೇಳಿದ್ದು ‘ನಿಮ್ಮವರು ಇಬ್ಬರು ಬಾತ್‌ರೂಮಿಗೆ ಹೋಗಿದ್ದಾರೆ, ಕಾಯೋಣ’ ಅಂತ. ಇಡೀ ಜಿಮ್ ನಕ್ಕಿತು. ಕಾದರು, ಎಣಿಸಿದರು. ಒಬಾಮಾ ಗುಂಪು ಹೇಗೂ ದೊಡ್ಡದಿತ್ತು ಅನ್ನು. ಆದರೂ ಆ ಇಬ್ಬರನ್ನು ನೋಡಿಯೂ ನೋಡದ ಹಾಗೆ ಇದ್ದಿದ್ದರೆ ಕೇಳುವವರು ಯಾರಿದ್ದರು?

ಆ ರಾತ್ರಿ ಅಯೋವಾದಲ್ಲಿ ಡೆಮಾಕ್ರಟಿಕ್ ಕಾಕಸ್‌ಗೆ ಸುಮಾರು 2,39,000 ಜನ ಬಂದಿದ್ದರು, 2004ರ ಹೆಚ್ಚುಕಡಿಮೆ ಎರಡರಷ್ಟು. ಒಬಾಮಾಗೆ ಶೇ. 38ರ ಹತ್ತಿರ. ಎಡ್ವರ್ಡ್ಸ್ ಮತ್ತು ಕ್ಲಿಂಟನ್ ಇಬ್ಬರಿಗೂ 30ಕ್ಕೆ ಸ್ವಲ್ಪ ಕಡಿಮೆ. ಕ್ಲಿಂಟನ್ ಕೂದಲೆಳೆಯಲ್ಲಿ ಮೂರನೇ ಸ್ಥಾನ. ವಾಪಸ್ ಬರುವಾಗ ಕಾರಿನಲ್ಲಿ ಆಕೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ರೇಡಿಯೋ ಹಾಕಿದರೆ ಎಲ್ಲ ಸ್ಟೇಷನ್ನಿನಲ್ಲೂ ಒಬಾಮಾ ಗೆದ್ದ ಸುದ್ದಿ. ಆ ಪುಣ್ಯಾತ್ಮ ರೇಡಿಯೋ ಮುಟ್ಟಲಿಲ್ಲ. ಹೀಟರ್ ಬಗ್ಗೆ ಏನೋ ಮಾತಾಡಿದರು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸೋತವರು ದೊಡ್ಡತನ ತೋರಿಸಬೇಕು ಅಂತ ಎಲ್ಲ ಉಪದೇಶ ಮಾಡುತ್ತಾರೆ. ಪೇಪರಿನವರು ಅದನ್ನೇ ಹೊಗಳುತ್ತಾರೆ. ನಾನು ನೋಡಿದ ಮಟ್ಟಿಗೆ ಮೊದಲ ಹೆಜ್ಜೆ ಗೆದ್ದವರದು. ಅವರು ಬಾಗದೆ ಸೋತವರು ಬರುವುದಿಲ್ಲ. ಯಾಕೆ ಬರಬೇಕು?

2008ರ ಮುಂದಿನ ಕಥೆ ನೋಡು. ಜನವರಿಯ ಆ ಒಳ್ಳೆಯತನ ಜೂನ್‌ವರೆಗೆ ಉಳಿಯಲಿಲ್ಲ. ಸ್ಪರ್ಧೆ ಎಳೆದುಕೊಂಡು ಹೋಯಿತು, ಮಾತು ಕೆಟ್ಟವು. ಫ್ಲಾರಿಡಾ, ಮಿಷಿಗನ್ ಪಕ್ಷದ ನಿಯಮ ಮುರಿದು ಮುಂಚೆಯೇ ಮತದಾನ ನಡೆಸಿದ್ದವು. ಆ ಮತಗಳನ್ನು ಲೆಕ್ಕಕ್ಕೆ ಹಿಡಿಯಬೇಕಾ ಅಂತ ಮೇ 31ರಂದು ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ಪಕ್ಷದ ಸಮಿತಿ ಕೂತಾಗ ಒಳಗೂ ಹೊರಗೂ ಕೂಗಾಟ. ‘ಏನಾದರೂ ಸರಿ, ಒಬಾಮಾಗೆ ಹಾಕುವುದಿಲ್ಲ’ ಅನ್ನುವ ಕ್ಲಿಂಟನ್ ಬೆಂಬಲಿಗರದೇ ಒಂದು ದಂಡು ಹುಟ್ಟಿತು. ನನ್ನ ಪಕ್ಕದ ಮನೆಯಾಕೆ ಅಷ್ಟು ದೂರ ಹೋಗಲಿಲ್ಲ. ಆದರೆ ಒಬಾಮಾ ಹೆಸರು ಬಂದರೆ ಮಾತು ಬದಲಿಸುತ್ತಿದ್ದರು. ಜನವರಿಯ ಚರ್ಚೆಯಲ್ಲಿ ಒಬಾಮಾ ‘ಪರವಾಗಿಲ್ಲ ಬಿಡಿ ಹಿಲರಿ, ನೀವೂ ಇಷ್ಟವಾಗುತ್ತೀರಿ’ ಅನ್ನುವ ಧಾಟಿಯಲ್ಲಿ ಒಂದು ಮಾತು ಎಸೆದಿದ್ದರು. ಅದು ಆಕೆಗೆ ಮರೆಯಲೇ ಇಲ್ಲ.

ಜೂನ್ 7ಕ್ಕೆ ಕ್ಲಿಂಟನ್ ಕಣದಿಂದ ಹಿಂದೆ ಸರಿದರು. ಒಬಾಮಾಗೆ ಬೆಂಬಲ ಕೊಡಿ ಅಂತ ತಮ್ಮವರನ್ನು ಕೇಳಿಕೊಂಡರು. ನನಗೆ ಹೆಚ್ಚು ಮುಖ್ಯ ಅನಿಸಿದ್ದು ಆಮೇಲಿನದು. ಕ್ಲಿಂಟನ್ ಪ್ರಚಾರದ ಮೇಲೆ ದೊಡ್ಡ ಸಾಲ ಉಳಿದಿತ್ತು. ಅದನ್ನು ತೀರಿಸಲು ನೆರವಾಗಿ ಅಂತ ಒಬಾಮಾ ತಮ್ಮ ದೇಣಿಗೆದಾರರಿಗೆ ಹೇಳಿದರು. ತಾವೂ ಹೆಂಡತಿಯೂ ತಲಾ 2,300 ಡಾಲರ್ ಕೊಟ್ಟರು. ಕಾನೂನು ಒಬ್ಬರಿಗೆ ಅಷ್ಟೇ ಬಿಡುತ್ತಿತ್ತು. ಸೋತವರ ಸಾಲಕ್ಕೆ ಗೆದ್ದವನು ಚೆಕ್ ಬರೆಯುವುದು! ಜೂನ್ 27ಕ್ಕೆ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಅನ್ನುವ ಸಣ್ಣ ಊರಿನಲ್ಲಿ ಇಬ್ಬರೂ ಒಂದೇ ವೇದಿಕೆಗೆ ಬಂದರು. ಆ ಊರಿನ ಪ್ರೈಮರಿಯಲ್ಲಿ ಇಬ್ಬರಿಗೂ ಸರಿಯಾಗಿ 107 ಮತ ಬಿದ್ದಿದ್ದವು. ಹುಡುಕಿ ಆರಿಸಿದ ಜಾಗ, ಪ್ರಚಾರದ ಗಿಮಿಕ್ಕೇ ಅನ್ನು. ಆದರೂ ಸೋತ ಕಡೆಯವರಿಗೆ ‘ನಿಮ್ಮ ಮತಕ್ಕೂ ನಮ್ಮಷ್ಟೇ ಬೆಲೆ’ ಅಂತ ಹೇಳಲು ಅದಕ್ಕಿಂತ ಒಳ್ಳೆ ಜಾಗ ಸಿಗುತ್ತಿರಲಿಲ್ಲ. ಆಗಸ್ಟ್ 27ಕ್ಕೆ, ಪಕ್ಷದ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಡೆನ್ವರ್ ಸಮಾವೇಶದಲ್ಲಿ ರಾಜ್ಯವಾರು ಮತ ನಡೆಯುತ್ತಿದ್ದಾಗ ಕ್ಲಿಂಟನ್ ನ್ಯೂಯಾರ್ಕ್ ಪ್ರತಿನಿಧಿಗಳ ನಡುವೆ ನಿಂತರು. ಎಣಿಕೆ ನಿಲ್ಲಿಸಿ, ಒಬಾಮಾರನ್ನು ಎಲ್ಲರೂ ಒಕ್ಕೊರಲಿನಿಂದ ಆರಿಸೋಣ ಅಂದರು. ನನ್ನ ಪಕ್ಕದ ಮನೆಯಾಕೆ ಟಿವಿ ಮುಂದೆ ಅತ್ತರಂತೆ. ಅದಾದ ವಾರದಲ್ಲಿ ಅವರ ಅಂಗಳದಲ್ಲಿ ಒಬಾಮಾ ಬೋರ್ಡು ಬಂತು. ಗಂಡ ನೆಟ್ಟಿದ್ದಲ್ಲ, ಆಕೆಯೇ ನೆಟ್ಟಿದ್ದು. ಅಷ್ಟು ತಿಂಗಳು ಆತ ಒಂದು ಸಲವೂ ‘ಹಾಕೋಣವಾ’ ಅಂತ ಕೇಳಿರಲಿಲ್ಲ.

ಇದು ಡೆಮಾಕ್ರಟಿಕ್ ಪಕ್ಷದವರ ಗುಣ ಅಂದುಕೊಳ್ಳಬೇಡ. ನನ್ನ ಮೊದಲ ಮ್ಯಾನೇಜರ್ ಪಕ್ಕಾ ರಿಪಬ್ಲಿಕನ್. ಆತ 1976ರ ಕಾನ್ಸಾಸ್ ಸಿಟಿ ಸಮಾವೇಶದ ಕಥೆ ಬೇಸರವಿಲ್ಲದೆ ಹೇಳುತ್ತಿದ್ದ. ಅಲ್ಲಿ ಜೆರಾಲ್ಡ್ ಫೋರ್ಡ್‌ಗೆ 1,187 ಪ್ರತಿನಿಧಿಗಳ ಮತ, ರೊನಾಲ್ಡ್ ರೇಗನ್‌ಗೆ 1,070. ಅಷ್ಟು ಹತ್ತಿರದ ಜಗಳ. ಗೆದ್ದ ಫೋರ್ಡ್ ತಮ್ಮ ಭಾಷಣ ಮುಗಿಸಿ, ಮೇಲೆ ಕೂತಿದ್ದ ರೇಗನ್‌ರನ್ನು ಕೈ ಬೀಸಿ ವೇದಿಕೆಗೆ ಕರೆದು ಮೈಕ್ ಕೊಟ್ಟರು. ಫೋರ್ಡ್ ಆ ನವೆಂಬರಿನಲ್ಲಿ ಸೋತರು ಅನ್ನುವುದು ಬೇರೆ ಮಾತು.

ಇನ್ನು ಕೆಟ್ಟಿದ್ದನ್ನೂ ಹೇಳದಿದ್ದರೆ ನಿನಗೆ ಬಣ್ಣದ ಚಿತ್ರ ಕೊಟ್ಟ ಹಾಗಾಗುತ್ತದೆ. 2016ರ ಫೆಬ್ರವರಿ 1ರಂದು, ಇದೇ ಅಯೋವಾದಲ್ಲಿ, ರಿಪಬ್ಲಿಕನ್ ಕಾಕಸ್ ನಡೆಯುವ ರಾತ್ರಿಯೇ ಟೆಡ್ ಕ್ರೂಜ್ ಕಡೆಯವರು ಬೆನ್ ಕಾರ್ಸನ್ ಕಣದಿಂದ ಹೊರಗೆ ಹೋಗುತ್ತಿದ್ದಾರೆ ಅನ್ನುವ ಅರ್ಥ ಬರುವ ಸುದ್ದಿ ಹಬ್ಬಿಸಿದರು. ಕಾರ್ಸನ್ ಹೋಗಿರಲಿಲ್ಲ. ಮಾರನೇ ದಿನ ಕ್ರೂಜ್ ಕ್ಷಮೆ ಕೇಳಬೇಕಾಯಿತು. ನಮ್ಮ ಆಫೀಸಿನ ಕಾರ್ಸನ್ ಅಭಿಮಾನಿಯೊಬ್ಬ ಅದಾದ ಮೇಲೆ ಕ್ರೂಜ್ ಕಡೆಯ ಗೆಳೆಯನ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟ.

ಡೆಮಾಕ್ರಟಿಕ್ ಕಡೆ ಅದೇ ರಾತ್ರಿ ಹಿಲರಿ ಕ್ಲಿಂಟನ್, ಬರ್ನಿ ಸ್ಯಾಂಡರ್ಸ್ ನಡುವೆ ಶೇ. 49.8 ಮತ್ತು 49.6. ಕೆಲವು ಕಡೆ ಒಬ್ಬ ಪ್ರತಿನಿಧಿಯನ್ನು ಯಾರಿಗೆ ಕೊಡಬೇಕು ಅಂತ ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಇಷ್ಟು ಸಮಸಮ ಇದ್ದಾಗ ಗೆದ್ದವರು ಇನ್ನೂ ಜಾಸ್ತಿ ಬಾಗಬೇಕಿತ್ತು. ಆಗಿದ್ದು ಉಲ್ಟಾ. ಸ್ಯಾಂಡರ್ಸ್ ಹಿಂದೆ ಹೋದ ಹುಡುಗ ಹುಡುಗಿಯರನ್ನು ‘ಮಕ್ಕಳಾಟ’ ಅಂತ ಗೇಲಿ ಮಾಡಿದರು. ಹೆಂಗಸಿಗೆ ಸಹಾಯ ಮಾಡದ ಹೆಂಗಸರಿಗೆ ನರಕದಲ್ಲಿ ಜಾಗ ಇದೆ ಅಂತ ಮಾಜಿ ವಿದೇಶಾಂಗ ಸಚಿವೆ ಮ್ಯಾಡಲೀನ್ ಆಲ್‌ಬ್ರೈಟ್ ಕ್ಲಿಂಟನ್ ಸಭೆಯಲ್ಲಿ ಅಂದರು. ಆಮೇಲೆ ವಿಷಾದ ಹೇಳಿದರು, ಆದರೆ ಕೇಳಿಸಿಕೊಂಡ ಹುಡುಗಿಯರ ಕಿವಿಯಿಂದ ಅದು ಹೋಗಲಿಲ್ಲ. ಫಿಲಡೆಲ್ಫಿಯಾ ಸಮಾವೇಶದಲ್ಲಿ ಸ್ಯಾಂಡರ್ಸ್ ತಾವೇ ಎದ್ದು ಕ್ಲಿಂಟನ್ ಹೆಸರು ಸೂಚಿಸಿದರೂ ಅವರ ಬೆಂಬಲಿಗರಲ್ಲಿ ಅನೇಕರು ಕೂಗಿ ಹೊರನಡೆದರು. ನವೆಂಬರಿನಲ್ಲಿ ಮಿಷಿಗನ್ ರಾಜ್ಯ ಕ್ಲಿಂಟನ್ ಕೈ ತಪ್ಪಿದ್ದು 10,704 ಮತಗಳಿಂದ. ಮಾರ್ಚಿನಲ್ಲಿ ಅದೇ ರಾಜ್ಯದ ಪ್ರೈಮರಿಯನ್ನು ಸ್ಯಾಂಡರ್ಸ್ ಗೆದ್ದಿದ್ದರು. ಮುನಿಸಿಕೊಂಡವರಿಂದಲೇ ಸೋತರು ಅಂತ ನಾನು ಹೇಳುವುದಿಲ್ಲ, ಅಷ್ಟು ದೊಡ್ಡ ಚುನಾವಣೆಗೆ ನೂರು ಕಾರಣ ಇರುತ್ತವೆ. ಆದರೆ 10,704 ಅಂದರೆ ಎಷ್ಟು? ಒಂದು ಸಣ್ಣ ಊರು.

ಗಾಯ ವಾಸಿಯಾದ ಉದಾಹರಣೆಯೂ ಇದೆ. 2019ರ ಜೂನ್ ಚರ್ಚೆಯಲ್ಲಿ ಕಮಲಾ ಹ್ಯಾರಿಸ್ ಜೋ ಬೈಡನ್ ಮೇಲೆ ಮುಖಕ್ಕೆ ಹೊಡೆದ ಹಾಗೆ ದಾಳಿ ಮಾಡಿದರು. ನಮ್ಮ ಕನ್ನಡದ ಮನೆಗಳಲ್ಲೂ ಎರಡು ಪಂಗಡ ಆಯಿತು. ತಾಯಿ ತಮಿಳುನಾಡಿನವರಲ್ವಾ, ನಮ್ಮ ಕಡೆ ಹುಡುಗಿ ಅಂತ ಕೆಲವರು. ಹಿರಿಯರಿಗೆ ಹಾಗೆ ಅನ್ನಬಾರದಿತ್ತು ಅಂತ ಕೆಲವರು. ಹ್ಯಾರಿಸ್ ಅಯೋವಾ ಕಾಕಸ್‌ವರೆಗೆ ಉಳಿಯಲೇ ಇಲ್ಲ, ಡಿಸೆಂಬರಿನಲ್ಲೇ ಬಿಟ್ಟರು. ಬೈಡನ್ ಇಲ್ಲಿ ನಾಲ್ಕನೇ ಸ್ಥಾನಕ್ಕೆ ಬಿದ್ದರು. ಕೊನೆಗೆ ಸ್ಪರ್ಧೆ ಗೆದ್ದ ಬೈಡನ್ ಮುಂದಿನ ಆಗಸ್ಟಿನಲ್ಲಿ ಆಕೆಯನ್ನೇ ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿದರು. ಹ್ಯಾರಿಸ್ ಮಾರ್ಚಿನಲ್ಲೇ ಬೈಡನ್‌ಗೆ ಬೆಂಬಲ ಕೊಟ್ಟಿದ್ದರು, ಆದರೆ ಹಳೇ ಮಾತು ಮರೆತು ಜೊತೆಗೆ ಕರೆದುಕೊಂಡಿದ್ದು ಇಲ್ಲೂ ಗೆದ್ದವರೇ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಪ್ರೈಮರಿಯಲ್ಲಿ ಮೂರನೆಯವರಾಗಿ ಸೋತು, ಗೆದ್ದ ಗ್ರೆಚನ್ ವಿಟ್ಮರ್ ಜೊತೆ ನಿಂತರು. 2022ರಲ್ಲಿ ಡೆಟ್ರಾಯಿಟ್ ಕಡೆಯಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಬಂದರು.

ನೀನು ಆ ಮೂಲೆಗೆ ನಿಲ್ಲುವ ಕಾಕಸ್ ನೋಡಬೇಕು ಅಂದರೆ ಈಗ ಕಷ್ಟ. 2020ರಲ್ಲಿ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟು ಅಯೋವಾದ ಮರ್ಯಾದೆ ಹೋಯಿತು. 2024ರಲ್ಲಿ ಡೆಮಾಕ್ರಟಿಕ್ ಪಕ್ಷದವರು ಅಂಚೆಯಲ್ಲಿ ಕಾರ್ಡ್ ಕಳಿಸುವ ಪದ್ಧತಿಗೆ ಹೋದರು. ರಿಪಬ್ಲಿಕನ್ನರದು ಮೊದಲಿಂದಲೂ ಚೀಟಿ ಮತ. ನನಗಂತೂ ಬೇಸರ. ಎದುರಾಳಿಯ ಮುಖ ನೋಡಿ ಮಾತಾಡಬೇಕಾದಾಗ ಇದ್ದ ನಾಲಿಗೆಯ ಹದ ಮನೆಯಲ್ಲಿ ಕೂತು ಕಾರ್ಡ್ ತುಂಬುವಾಗ ಬೇಕಾಗುವುದಿಲ್ಲ. ವೀಲ್‌ಚೇರಿನವರು, ರಾತ್ರಿ ಪಾಳಿಯವರು ಈಗ ಭಾಗವಹಿಸಬಹುದು, ಅದೂ ನಿಜ.

ಜೂನಿನ ರಾಜ್ಯ ಪ್ರೈಮರಿ ಮಾಮೂಲಿ ಮತದಾನ. ಆದರೆ ಇಲ್ಲಿಯೂ ಎರಡನೇ ಆಯ್ಕೆಯ ಬೆಲೆ ಗೊತ್ತಾಗುವ ಒಂದು ನಿಯಮ ಇದೆ. ಯಾರಿಗೂ ಶೇ. 35 ಬರದಿದ್ದರೆ ಪಕ್ಷದ ಪ್ರತಿನಿಧಿಗಳು ಸಭೆ ಸೇರಿ ಆರಿಸಬೇಕು. 2014ರಲ್ಲಿ ನಮ್ಮ ಡೆ ಮೊಯ್ನ್ ಕಡೆಯ ಕ್ಷೇತ್ರದಲ್ಲೇ ಆರು ಜನ ರಿಪಬ್ಲಿಕನ್ನರು ನಿಂತರು, ಯಾರಿಗೂ ಅಷ್ಟು ಬರಲಿಲ್ಲ. ಸಭೆಯಲ್ಲಿ ಐದನೇ ಸುತ್ತಿಗೆ ಗೆದ್ದವರು ಡೇವಿಡ್ ಯಂಗ್. ಪ್ರೈಮರಿಯಲ್ಲಿ ಅವರದು ಐದನೇ ಸ್ಥಾನ! ಉಳಿದವರ ಬೆಂಬಲಿಗರು ಒಬ್ಬೊಬ್ಬರಾಗಿ ಅವರ ಕಡೆ ಸರಿದಿದ್ದರಿಂದ ಹಾಗಾಯಿತು. ಎಲ್ಲರ ಮುನಿಸು ಕಟ್ಟಿಕೊಂಡವನಿಗೆ ಇಂಥ ಅದೃಷ್ಟ ಒಲಿಯುತ್ತದಾ?

ಇನ್ನು ನಮ್ಮವರು. ಒಂದು ಕಿವಿಮಾತು. ನಮ್ಮ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಅಮೆರಿಕದ ಪ್ರೈಮರಿಗಿಂತ ಕರ್ನಾಟಕದ ಚುನಾವಣೆಗೇ ಜಗಳ ಜಾಸ್ತಿ. ಇಪ್ಪತ್ತು ವರ್ಷದಿಂದ ಊರಿನಲ್ಲಿ ಮತ ಹಾಕದವರೂ ಕಚ್ಚೆ ಕಟ್ಟಿ ಇಳಿಯುತ್ತಾರೆ. ಪಕ್ಕದ ಮನೆಯ ಅಮೆರಿಕನ್ನಿನ ಹತ್ತಿರ ಎಷ್ಟು ನಯ! ಅದರಲ್ಲಿ ಕಾಲು ಭಾಗ ನಮ್ಮ ನಮ್ಮಲ್ಲಿ ಇದ್ದಿದ್ದರೆ ಎರಡು ಗುಂಪು ಒಡೆಯುತ್ತಿರಲಿಲ್ಲ. ನೀನು ಹೊಸಬಳು, ಆ ಜಗಳಕ್ಕೆ ಈಗಲೇ ಹೋಗಬೇಡ.

ಆಫೀಸಿನ ಪ್ರಶ್ನೆಗೆ ಬರುತ್ತೇನೆ. ‘ನಿನಗೆ ಯಾರು ಇಷ್ಟ’ ಅಂದರೆ ‘ನನಗೆ ಮತ ಇಲ್ಲ, ಆದರೆ ಕುತೂಹಲ ಇದೆ. ನಿಮಗೆ ಅವರು ಯಾಕೆ ಇಷ್ಟ?’ ಅಂತ ಕೇಳು. ಹೆಚ್ಚಿನವರಿಗೆ ಉತ್ತರ ಹೇಳುವುದೇ ಖುಷಿ. ‘ಯಾರಿಗೆ ಹಾಕಿದಿರಿ’ ಅಂತ ನೀನಾಗಿ ಕೇಳಬೇಡ. ಊರಿನಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳುತ್ತೇವೆ, ಇಲ್ಲಿ ಅದು ಸಂಬಳ ಕೇಳಿದ ಹಾಗೆ. ‘ಅವನು ಗೆಲ್ಲಲ್ಲ ಬಿಡಿ’ ಅನ್ನುವ ಮಾತೂ ಬೇಡ. ನಮಗೆ ಅದು ಸುಮ್ಮನೆ ಭವಿಷ್ಯ ಹೇಳುವುದು. ಆದರೆ ವಾರಾಂತ್ಯವೆಲ್ಲ ಮನೆಮನೆ ಬಾಗಿಲು ತಟ್ಟಿ ಬಂದವರಿಗೆ ಅದು ಚುಚ್ಚುತ್ತದೆ. ಬಾಸ್ ತಾನೇ ರಾಜಕೀಯ ತೆಗೆದು ನಿನ್ನ ಅಭಿಪ್ರಾಯ ಕೆದಕುತ್ತಿದ್ದರೆ ಕಾಫಿ ತರಲು ಎದ್ದು ಹೋಗು. ಅಲ್ಲಿ ಸೌಜನ್ಯ ತೋರಿಸುವ ಹೊಣೆ ಅವರದು, ನಿನ್ನದಲ್ಲ.

ಫಲಿತಾಂಶ ಬಂದ ಮೇಲೆ ನಿನ್ನ ಎದುರಿನ ಎರಡು ಮನೆಗಳಲ್ಲಿ ಒಂದರ ಬೋರ್ಡು ಮಾಯವಾಗುತ್ತದೆ. ಅದರ ಬಗ್ಗೆ ಮಾತೆತ್ತಬೇಡ. ಗೆದ್ದ ಮನೆಯವರಿಗೆ ಆ ಮನೆಯವರ ಎದುರಿಗೇ ಅಭಿನಂದನೆ ಹೇಳಬೇಡ. ಸೋತವರ ಹತ್ತಿರ ‘ತುಂಬಾ ಕಷ್ಟಪಟ್ಟಿರಿ’ ಅಂದರೆ ಸಾಕು. ‘ಮುಂದಿನ ಸಲ ಗೆಲ್ಲುತ್ತೀರಿ’ ಅನ್ನುವುದು ಬೇಕಾಗಿಲ್ಲ. ಗೆದ್ದವನ ಬೋರ್ಡು ಅವರ ಅಂಗಳಕ್ಕೆ ಯಾವಾಗ ಬರುತ್ತದೆ ಅಂತ ಕಾಯಲೂ ಬೇಡ. ಕೆಲವರು ವಾರದಲ್ಲಿ ಹಾಕುತ್ತಾರೆ, ಕೆಲವರು ಸೆಪ್ಟೆಂಬರಿನಲ್ಲಿ, ಕೆಲವರು ಹಾಕುವುದೇ ಇಲ್ಲ.

ಮತ ಎಣಿಕೆಯ ರಾತ್ರಿ ಬಿಡುವಿದ್ದರೆ ನಮ್ಮ ಮನೆಗೆ ಬಾ. ಎಂಟಕ್ಕೆ ಮತದಾನ ಮುಗಿಯುತ್ತದೆ. ನಮ್ಮ ಬೀದಿಯವರೂ ನಾಲ್ಕೈದು ಜನ ಬರುತ್ತಾರೆ, ಮೂವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ಖಾರ ಕಡಿಮೆ ಹಾಕಿ ಬಿಸಿಬೇಳೆಬಾತ್ ಮಾಡುತ್ತೇನೆ. ನೀನು ಬೂಂದಿ ತಂದರೆ ಸಾಕು.